ಸೊಲ್ಲಾಪುರದ ಕಿಟಕಿಗಳು

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ವಳಸಂಗ, ಕುಂಭಾರಿಗಳನ್ನು ದಾಟಿ ಹೋಗುವ ಈ ಹಾದಿಯ ಎರಡೂ ಮಗ್ಗುಲಿಗೆ ಎರೆಭೂಮಿ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಬಿಳಿಜೋಳ. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಪುಣೆ ಮುಂಬಯಿಗಳಿಂದ ಬರುವ ಯಾತ್ರಿಕರು ಈ ಹಾದಿಯನ್ನು ಬರುವ ದಿಕ್ಕಿನಿಂದ ಬಲ್ಲರು. ನಾವು ತಾಲೂಕಿನವರು ಅದನ್ನು ಹೋಗುವ ದಿಕ್ಕಿನಿಂದ ಬಲ್ಲೆವು. ಬೆಳಗಿನ ಎಸ್.ಟಿ. ಬಸ್ಸನ್ನು ಹತ್ತಿ ನೋಡಬೇಕು. ಕಾಲೇಜಿನ ಹುಡುಗರು, ಕೋರ್ಟಿನ ಕಾಗದದವರು, ಸಂತೆಯ ವ್ಯಾಪಾರದವರು ಇದ್ದೇ ಇರುತ್ತಾರೆ. ಅವರ ನಡುವೆ ಎಕ್ಸ್-ರೇಯ ದೊಡ್ಡ ಲಕೋಟೆಯನ್ನು ಮಡಚದಂತೆ ಎದೆಗವಚಿ ಹಿಡಿದು, ಅರಿವೆಯಲ್ಲಿ ರೊಟ್ಟಿ ಕಟ್ಟಿಕೊಂಡು ಕುಳಿತ ನಾಲ್ಕಾರು ಮಂದಿ ಕಂಡೇ ಕಾಣುತ್ತಾರೆ. ಅವರು ಸೊಲ್ಲಾಪುರದ ದವಾಖಾನೆಗಳ ಯಾತ್ರಿಕರು. ಅವರ ದೇವರು ದರ್ಶನ ಕೊಡುವ ವೇಳೆ ಮಾತ್ರ ನಿಶ್ಚಿತವಿಲ್ಲ.

ಸೊಲ್ಲಾಪುರ ವೈದ್ಯರ ಊರೂ ಹೌದು. 1963ರಲ್ಲಿ ಇಲ್ಲಿ ವೈದ್ಯಕೀಯ ಮಹಾವಿದ್ಯಾಲಯ ತೆರೆಯಿತು. ಅಲ್ಲಿಂದೀಚೆಗೆ ಬೆಳೆದ ಆಸ್ಪತ್ರೆಗಳಿಗೆ ನಮ್ಮ ತಾಲೂಕಿನವರಷ್ಟೇ ಅಲ್ಲ, ಗಡಿಯಾಚೆಯ ಇಂಡಿ, ಆಳಂದ, ಅಫಜಲಪುರದ ಕಡೆಯವರೂ ಬರುತ್ತಾರೆ. ಇವರೆಲ್ಲರ ಮನೆಮಾತು ಕನ್ನಡ. ಇದು ಸಿದ್ಧರಾಮನ ಸೊನ್ನಲಿಗೆ. ಜನರಿಗಾಗಿ ಆತ ಕಟ್ಟಿಸಿದ ಕೆರೆಯ ನಡುವೆ ಇಂದಿಗೂ ಸಿದ್ಧೇಶ್ವರನ ಗುಡಿ ನಿಂತಿದೆ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಮೊದಲ ಮಹಿಳೆಯಾಗಿ ಹೋದ ಜಯದೇವಿತಾಯಿ ಲಿಗಾಡೆಯವರು ಈ ಊರಿನವರೇ. ಪೇಟೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳುತ್ತವೆ. ಚಾದರು ಮಾರುವವನು ಗಿರಾಕಿಯ ಮುಖ ನೋಡಿಯೇ ಭಾಷೆ ಬದಲಿಸುತ್ತಾನೆ. ಚಾದರಿನ ಅಂಗಡಿಯಲ್ಲಿ ದೊರೆಯುವ ಈ ಸೌಜನ್ಯವು ರೋಗಿಗೆ ಏಕೆ ದೊರೆಯಬಾರದೆಂಬುದೇ ನನ್ನ ಪ್ರಶ್ನೆ.

ಕಳೆದ ಹಿಂಗಾರಿ ರಾಶಿಯ ಹೊತ್ತಿನಲ್ಲಿ ನಮ್ಮ ದೊಡ್ಡಕ್ಕನವರನ್ನು ಅಲ್ಲಿಯ ಒಂದು ಆಸ್ಪತ್ರೆಗೆ ಕರೆದೊಯ್ದೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಕಿಲ್ಲ. ಅಕ್ಕನಿಗೆ ಅರವತ್ತೆಂಟು ವರ್ಷ, ಅಕ್ಷರ ಬಾರದು, ಮರಾಠಿ ಸಂತೆಗೆ ಸಾಲುವಷ್ಟು. ಮೊದಲ ಕಿಟಕಿಯಲ್ಲಿ ಕೇಸ್ ಪೇಪರು, ಎರಡನೆಯದರಲ್ಲಿ ಹಣ, ಮೂರನೆಯದರಲ್ಲಿ ನಂಬರು. ಮೂರನೆಯ ಕಿಟಕಿಯವನು ಮೊದಲನೆಯದಕ್ಕೆ ಹಿಂದೆ ಕಳಿಸಿದ. ಏಕೆಂದರೆ ವಯಸ್ಸು ಬರೆಯುವ ಜಾಗ ಖಾಲಿ ಉಳಿದಿತ್ತು. ಅದನ್ನು ತುಂಬಬೇಕಾದವನು ಮೊದಲನೆಯ ಕಿಟಕಿಯವನೇ. ಅವನು ಆಗ ಚಹಕ್ಕೆ ಎದ್ದು ಹೋಗಿದ್ದ. ಒಂಬತ್ತಕ್ಕೆ ಬಂದವರು ಬಾಕಿನ ಮೇಲೆ ಕೂಡುವಾಗ ಹನ್ನೊಂದಾಗಿತ್ತು.

ಇಷ್ಟನ್ನು ಸಹಿಸಬಹುದು. ರೋಗಿಗಳು ಸಾವಿರ, ಕಿಟಕಿಗಳು ಮೂರು; ಸಾಲಿನಲ್ಲಿ ನಿಲ್ಲುವುದು ನಮಗೆ ಹೊಸತಲ್ಲ. ಆದರೆ ನಾನು ಔಷಧದಂಗಡಿಗೆ ಹೋಗಿ ಬರುವುದರೊಳಗೆ ಅಕ್ಕನ ಪಾಳಿ ಬಂದು ಹೋಗಿತ್ತು. ಮಹಾರಾಷ್ಟ್ರದ ಪದ್ಧತಿಯಂತೆ ಮನೆತನದ ಹೆಸರನ್ನು ಮುಂದಿಟ್ಟು, ನಡುವೆ ಗಂಡನ ಹೆಸರು ಸೇರಿಸಿ, ಕೊನೆಯ ‘ಅವ್ವ’ವನ್ನು ನುಂಗಿ ಕೂಗಿದ್ದರು. ನಮ್ಮ ಹಳ್ಳಿಯ ಹೆಣ್ಣುಮಗಳನ್ನು ಹುಟ್ಟಿದಂದಿನಿಂದ ಯಾರೂ ಹಾಗೆ ಕರೆದಿರುವುದಿಲ್ಲ. ಎದುರಿಗೇ ಕುಳಿತಿದ್ದ ಅಕ್ಕ ಅದು ಯಾವನೋ ಗಂಡಸಿನ ಹೆಸರೆಂದು ತಿಳಿದು ಸುಮ್ಮನಿದ್ದರು. ನಾನು ಹೋಗಿ ವಿಚಾರಿಸಿದರೆ ಬಂದ ಉತ್ತರ ಎರಡೇ ಶಬ್ದ: “ಉದ್ಯಾ ಯಾ.” ನಾಳೆ ಬನ್ನಿ ಎಂದರ್ಥ. ಮುಖ ಮೇಲೆತ್ತದೆ ಹೇಳಿದ ಮಾತು ಅದು.

ಬಹಳ ಬೇಡಿಕೊಂಡ ಮೇಲೆ ಒಳಗೆ ಬಿಟ್ಟರು, ಅದೂ ಅಕ್ಕನೊಬ್ಬರನ್ನೇ. ಬಾಗಿಲ ಸಂದಿಯಿಂದ ಮಾತು ನನಗೆ ಕೇಳುತ್ತಿತ್ತು. ತರುಣ ವೈದ್ಯರು ಏನಾಗುತ್ತದೆಂದು ಮರಾಠಿಯಲ್ಲಿ ಕೇಳಿದರು. ಅಕ್ಕ ತಮಗೆ ತಿಳಿದಂತೆ ಹೇಳಿದರು: “ಎದಿ ಹಿಡದಂಗ ಆಗ್ತದ್ರಿ, ನಾಕು ಹೆಜ್ಜಿ ನಡದ್ರ ಸಂಕಟ ಆಗ್ಲಾಕತ್ತದ.”

ಇಲ್ಲಿ ಭಾಷೆಯ ಒಂದು ಸೂಕ್ಷ್ಮವಿದೆ. ನಮ್ಮ ಕಡೆಯ ಕನ್ನಡದಲ್ಲಿ ಸಂಕಟವೆಂದರೆ ವಾಂತಿ ಬಂದಂತಾಗಿ ಹೊಟ್ಟೆಯೂ ಜೀವವೂ ಕಸಿವಿಸಿಗೊಳ್ಳುವುದು. ಮರಾಠಿಯಲ್ಲಿ ಅದೇ ಶಬ್ದಕ್ಕೆ ಆಪತ್ತು ಎಂದು ಅರ್ಥ. ವೈದ್ಯರಿಗೆ ಕೇಳಿಸಿದ್ದು ಆ ಒಂದೇ ಶಬ್ದ. ಮನೆಯಲ್ಲಿ ಏನು ಸಂಕಟ ಬಂತು ಅಜ್ಜೀ ಎಂದು ನಗುತ್ತಲೇ ಕೇಳಿದರು. ಮನೆಯಲ್ಲಿ ಏನೂ ಇಲ್ಲ, ಎಲ್ಲರೂ ಸುಖವಾಗಿದ್ದಾರೆಂದು ಅಕ್ಕ ಕೈಸನ್ನೆ ಮಾಡಿದರು. ಎರಡು ನಿಮಿಷದಲ್ಲಿ ಆಮ್ಲಪಿತ್ತದ ಗುಳಿಗೆ ಬರೆದುಕೊಟ್ಟು ಮುಂದಿನವರನ್ನು ಕರೆದರು. ನಾನು ಬಾಗಿಲಲ್ಲಿ ನಿಂತು ಬಿಡಿಸಿ ಹೇಳಹೋದರೆ ಕಾವಲಿನವನು ತೋಳು ಅಡ್ಡ ಹಿಡಿದ.

ಹೊರಗೆ ಬಂದ ಅಕ್ಕ ಹೇಳಿದ್ದು ಇಷ್ಟು: “ತಮ್ಮಾ, ನನ್ನ ಬ್ಯಾನಿ ನನ್ನ ಬಾಯಾಗೇ ಉಳೀತು.”

ಮೂರನೆಯ ದಿನ ಬೇರೊಂದು ಕಡೆ ಇ.ಸಿ.ಜಿ. ತೆಗೆಸಿದಾಗ ತಿಳಿಯಿತು, ಅದು ಹೊಟ್ಟೆಯದಲ್ಲ, ಹೃದಯದ ರಕ್ತನಾಳದ ತೊಂದರೆ. ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ, ಹೃದಯದ ನೋವು ಕೆಲವೊಮ್ಮೆ ನೋವಾಗಿಯೇ ಬರುವುದಿಲ್ಲ. ಸಂಕಟ, ಬೆವರು, ಏದುಸಿರುಗಳಾಗಿ ಬರುತ್ತದೆ ಎಂದು ಅಲ್ಲಿಯ ವೈದ್ಯರು ತಿಳಿಸಿದರು. ಆ ತರುಣ ವೈದ್ಯರಿಗೂ ಇದು ತಿಳಿಯದ ವಿಷಯವಾಗಿರಲಾರದು. ಅವರಿಗೆ ತಿಳಿಯದಿದ್ದುದು ಒಂದು ಶಬ್ದ. ಆ ಶಬ್ದವನ್ನು ಬಲ್ಲ ಹೆಣ್ಣುಮಗಳೊಬ್ಬಳು ಅದೇ ಕೋಣೆಯ ಹೊರಗೆ ನೆಲ ಒರೆಸುತ್ತಿದ್ದಳು. ದುಧನಿಯ ಕಡೆಯವಳು, ಅಕ್ಕನೊಡನೆ ಚೆಂದಾದ ಕನ್ನಡದಲ್ಲಿ ಮಾತಾಡಿ, ನೀರಿನ ನಳ ತೋರಿಸಿದವಳು ಅವಳೇ. ಇಡೀ ದಿನದಲ್ಲಿ ಆ ಕಟ್ಟಡದೊಳಗೆ ಅಕ್ಕನನ್ನು ಮನುಷ್ಯಳೆಂದು ಕಂಡವಳು ಅವಳೊಬ್ಬಳು. ಅವಳನ್ನು ಒಳಗೆ ಕರೆದು ಒಂದು ಮಾತು ಕೇಳುವುದಕ್ಕೆ ಖರ್ಚೇನೂ ಇರಲಿಲ್ಲ.

ಅದೇ ದಿನ ಬಸ್ಸಿಗೆ ವೇಳೆಯಿದ್ದುದರಿಂದ ಡಾಕ್ಟರ್ ಕೋಟ್ನೀಸರ ನೆನಪು ತೆಗೆದೆ. ಅಕ್ಕನಿಗೆ ಅವರ ಕಥೆ ಗೊತ್ತಿರಲಿಲ್ಲ. ದ್ವಾರಕಾನಾಥ ಕೋಟ್ನೀಸರು 1910ರಲ್ಲಿ ಹುಟ್ಟಿದ್ದು ಇದೇ ಸೊಲ್ಲಾಪುರದಲ್ಲಿ. 1938ರಲ್ಲಿ ಚೀನಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೊಬ್ಬರು. ಯುದ್ಧದ ಗಾಯಾಳುಗಳ ನಡುವೆ ಕೆಲಸ ಮಾಡುತ್ತ ಚೀನೀ ಭಾಷೆಯನ್ನು ಕಲಿತರು. ಓದಲು, ಬರೆಯಲು, ಕಡೆಗೆ ಅಲ್ಲಿಯ ವಿದ್ಯಾರ್ಥಿಗಳಿಗೆ ಅವರ ಭಾಷೆಯಲ್ಲೇ ಪಾಠ ಹೇಳಲು ಸಮರ್ಥರಾದರು. 1942ರ ಡಿಸೆಂಬರಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. 1946ರಲ್ಲಿ ವಿ. ಶಾಂತಾರಾಮರು ಅವರ ಕಥೆಯನ್ನು ಚಿತ್ರಪಟ ಮಾಡಿದರು. ಚೀನದಲ್ಲಿ ಅವರ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಅಕ್ಕ ಎಲ್ಲವನ್ನೂ ಕೇಳಿ, “ಅಷ್ಟ ದೂರ ಹೋಗಿ ಕಲತ್ರಂತ? ಇಲ್ಲಿ ಇದ್ದವ್ರಿಗೆ ನಮ್ಮ ಮಾತ ಏನು ದೂರ ಆತು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ರಾಜ್ಯಕ್ಕೆ ನಮ್ಮ ಭಾಷೆ ಅಪರಿಚಿತವೆನ್ನುವಂತಿಲ್ಲ. ನಮ್ಮ ಶಾಲೆಯ ಮಕ್ಕಳ ಕನ್ನಡ ಪಠ್ಯಪುಸ್ತಕಗಳನ್ನು ಮಹಾರಾಷ್ಟ್ರದ ಬಾಲಭಾರತಿಯೇ ಅಚ್ಚು ಹಾಕಿಸುತ್ತದೆ, ಅಂದವಾಗಿಯೇ ಹಾಕಿಸುತ್ತದೆ. ಮೊಮ್ಮಗಳಿಗೆ ಕನ್ನಡದಲ್ಲಿ ಗಣಿತ ಉಂಟು. ಅಜ್ಜಿಗೆ ಕನ್ನಡದಲ್ಲಿ ಒಂದು ಫಲಕವಿಲ್ಲ. ಅಕ್ಕಲಕೋಟೆ ತಾಲೂಕು ಯಾವ ರಾಜ್ಯಕ್ಕೆ ಸೇರಬೇಕೆಂಬ ಬಗೆಗೆ 1967ರಲ್ಲಿ ಮಹಾಜನ ಆಯೋಗವು ಹೇಳಿದ್ದನ್ನು ವಾಚಕರು ಬಲ್ಲರು. ಆ ವಾದವನ್ನು ಇಲ್ಲಿ ತರಲಾರೆ; ಎದೆ ಹಿಡಿದಂತಾದ ಮುದುಕಿಗೆ ಗಡಿ ಎತ್ತ ಸರಿದರೂ ಗುಣವಿಲ್ಲ. ಆಕೆಗೆ ಬೇಕಾದುದು ಕಾಯದೆಯಲ್ಲಿ ಆಗಲೇ ಇದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ, 2018ರಲ್ಲಿ ಪ್ರಕಟವಾದ ರೋಗಿಗಳ ಹಕ್ಕುಗಳ ಸನ್ನದಿನ ಮೊದಲ ಹಕ್ಕೇ, ರೋಗದ ವಿಷಯವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂಬುದು. ಹಣ ತೆಗೆದುಕೊಂಡು ಚಿಕಿತ್ಸೆ ನೀಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾಯದೆಗೆ ಒಳಪಡುವುದೆಂದು ಸುಪ್ರೀಮ್ ಕೋರ್ಟು 1995ರಲ್ಲಿಯೇ ತೀರ್ಪಿತ್ತಿದೆ. ಇನ್ನು ಸಂವಿಧಾನದ 350ನೆಯ ಅನುಚ್ಛೇದವು, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸರಕಾರದ ಅಧಿಕಾರಿಗೆ ತನ್ನ ಕುಂದುಕೊರತೆ ಬರೆದುಕೊಳ್ಳುವ ಅಧಿಕಾರವನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ.

ಆದ್ದರಿಂದ ನಾನು ಅರ್ಜಿಯನ್ನು ಕನ್ನಡದಲ್ಲಿಯೇ ಬರೆದೆ. ಜೊತೆಗೆ ಮರಾಠಿಯ ಪ್ರತಿಯನ್ನೂ ಇಟ್ಟೆ. ಹಕ್ಕು ಬೇರೆ, ಕೆಲಸವಾಗುವುದು ಬೇರೆ. ಉತ್ತರ ಇನ್ನೂ ಬಂದಿಲ್ಲ.

ಅದು ಬರುವವರೆಗೆ ಸುಮ್ಮನೆ ಕೂಡುವುದೇಕೆಂದು ಏಳನೆಯ ಇಯತ್ತೆಯ ಮಕ್ಕಳಿಂದ ಒಂದು ಕಾಗದ ತಯಾರಿಸಿದೆವು. ಎಡಕ್ಕೆ ಮನೆಯ ಮಾತು, ಬಲಕ್ಕೆ ದವಾಖಾನೆಯ ಮಾತು. ಸಂಕಟಕ್ಕೆ ಮಳಮಳ, ಉರಿಗೆ ಜಳಜಳ, ಬಾವಿಗೆ ಸೂಜ, ಚಳಕಿಗೆ ಚಮಕ, ಏದುಸಿರಿಗೆ ಧಾಪ. ಮಕ್ಕಳು ತಮ್ಮ ಮನೆಯ ಹಿರಿಯರನ್ನು ಕೇಳಿ ಕೇಳಿ ನಲವತ್ತು ಶಬ್ದ ತಂದರು. ಅವುಗಳಲ್ಲಿ ಐದಾರು ನನಗೂ ಹೊಸವು. ಸೊಲ್ಲಾಪುರಕ್ಕೆ ಹೋಗುವವರು ಈಗ ಅದನ್ನು ರೇಶನ್ ಕಾರ್ಡಿನೊಡನೆ ಮಡಚಿ ಒಯ್ಯುತ್ತಾರೆ. ಯಾವ ಊರಿನ ವಾಚಕರಾದರೂ ನಕಲು ಮಾಡಿಕೊಳ್ಳಬಹುದು. ತುದಿಯಲ್ಲಿ ಒಬ್ಬ ಹುಡುಗಿ ಯಾರೂ ಹೇಳದೆ ಮರಾಠಿಯಲ್ಲಿ ಒಂದು ಸಾಲು ಸೇರಿಸಿದ್ದಾಳೆ: ಕೂಗುವಾಗ ದಯವಿಟ್ಟು ಊರಿನ ಹೆಸರನ್ನೂ ಕೂಗಿರಿ.