ನಾನು ಕೊಂಡ ಪರದೆ

ಹಳೆಯ ಸಾಮಾನು ಕೊಳ್ಳುವುದರಲ್ಲಿ ನನಗೆ ಮೊದಲಿನಿಂದಲೂ ಒಂದು ಬಗೆಯ ಆತ್ಮವಿಶ್ವಾಸವುಂಟು. ಹಳೆಯ ಸೈಕಲ್ಲು, ಹಳೆಯ ಗಡಿಯಾರ, ಹಿಂದಿನ ವರ್ಷದವರು ಗೆರೆ ಎಳೆದೆಳೆದು ಅಕ್ಷರವೇ ಕಾಣದಂತೆ ಮಾಡಿದ ಪಠ್ಯಪುಸ್ತಕ, ಇವು ಯಾವುವೂ ನನಗೆ ಮೋಸ ಮಾಡಿದ್ದಿಲ್ಲ. ಆದ್ದರಿಂದ ಬಸ್ಸಿನ ನೂಕುನುಗ್ಗಲಿನಲ್ಲಿ ನನ್ನ ಲ್ಯಾಪ್‌ಟಾಪು ಪರದೆ ಒಡೆದುಕೊಂಡಾಗ ನಾನು ಹೆಚ್ಚು ಕಳವಳಪಡಲಿಲ್ಲ. ಒಳಗಿನ ಯಂತ್ರ ನೆಟ್ಟಗಿತ್ತು. ಹಳೆಯ ಮಾನಿಟರೊಂದನ್ನು 1800 ರೂಪಾಯಿಗೆ ಕೊಂಡು, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಮನೆಗೆ ತಂದೆ.

ಆತುರವಿತ್ತು. ಪಕ್ಕದ ಬೀದಿಯ ಮದುವೆಯೊಂದರ ವಿಡಿಯೋವನ್ನು ನನ್ನ ಗೆಳೆಯ ತೆಗೆದಿದ್ದ. ಅದನ್ನು ಕತ್ತರಿಸಿ ಜೋಡಿಸಿ ಬಣ್ಣ ತಿದ್ದಿ ಕೊಡುವ ಕೆಲಸ ನನ್ನದು. ಬಂದ ಹಣದಲ್ಲಿ ಅವನಿಗೆ ಅರ್ಧ, ನನಗೆ ಅರ್ಧ. ನನ್ನ ಅರ್ಧವು ಪರೀಕ್ಷೆಯ ಶುಲ್ಕವಾಗಿ ಮನಸ್ಸಿನಲ್ಲಿ ಆಗಲೇ ಖರ್ಚಾಗಿಹೋಗಿತ್ತು.

ಮೊದಲ ಸಂಜೆ ಪರದೆ ‘ಸಿಗ್ನಲ್ ಇಲ್ಲ’ ಎಂಬ ಒಂದೇ ಮಾತನ್ನು ಜಪಿಸಿತು. ನಾನು ಎಚ್.ಡಿ.ಎಂ.ಐ. ತಂತಿ ಸಿಕ್ಕಿಸಿದ್ದರೂ ಅದು ವಿ.ಜಿ.ಎ. ಬಾಗಿಲಿನಲ್ಲಿಯೇ ಕಾದು ಕುಳಿತಿದೆಯೆಂಬುದು ತಿಳಿಯಲು ಒಂದು ಗಂಟೆ ಹಿಡಿಯಿತು. ಗುಂಡಿಯೊತ್ತಿ ಬಾಗಿಲು ಬದಲಿಸಿದೊಡನೆ ಚಿತ್ರ ಮೂಡಿತು.

ಆದರೆ ಎಂತಹ ಚಿತ್ರ! ಅಕ್ಕಿ ತೊಳೆದ ನೀರಿನಲ್ಲಿ ಅದ್ದಿ ತೆಗೆದಂತೆ ಎಲ್ಲವೂ ಮಾಸಲು. ಮದುಮಗಳ ಕೆಂಪು ಸೀರೆಗೆ ಕಳೆಯಿಲ್ಲ, ಚಪ್ಪರದ ನೆರಳೆಲ್ಲ ಬೂದಿ. ತಂತಿಯ ದೋಷವಿರಬೇಕೆಂದು 250 ರೂಪಾಯಿ ತೆತ್ತು ಹೊಸ ತಂತಿ ತಂದೆ. ಬದಲಾವಣೆಯಿಲ್ಲ. ಕೊನೆಗೆ ಗೆಳೆಯನಿಗೆ ಫೋನು ಮಾಡಿ, “ಏನಯ್ಯಾ, ಮಂಜಿನಲ್ಲಿ ನಿಂತು ತೆಗೆದೆಯಾ?” ಎಂದೆ. “ನನ್ನ ಕ್ಯಾಮೆರಾದಲ್ಲಿ ಚೆನ್ನಾಗಿಯೇ ಇದೆಯಲ್ಲೋ, ಬಂದು ನೋಡು” ಎಂದ. ನಾನು ಹೋಗಿ ನೋಡಲಿಲ್ಲ. ಎರಡು ರಾತ್ರಿ ಕುಳಿತು ಕಪ್ಪನ್ನು ಇಳಿಸಿದೆ, ಬಿಳುಪನ್ನು ಏರಿಸಿದೆ, ಬಣ್ಣ ತುಂಬಿದೆ. ನನ್ನ ಪರದೆಯಲ್ಲಿ ಮದುವೆ ಝಗಝಗಿಸಿತು.

ಮದುವೆಯ ಮನೆಯವರು ಅದನ್ನು ತಮ್ಮ ಟಿ.ವಿ.ಗೆ ಹಾಕಿದಾಗ ನನ್ನ ಎದೆ ಧಸಕ್ಕೆಂದಿತು. ಚಪ್ಪರದೊಳಗಿನ ನೆರಳೆಲ್ಲ ಗಟ್ಟಿ ಕಪ್ಪು. ಮದುಮಗಳ ಅಜ್ಜಿ ಆ ದಿನ ಕಂಬದ ಮರೆಯಲ್ಲಿ ನೇರಳೆ ಬಣ್ಣದ ಸೀರೆಯುಟ್ಟು ಕುಳಿತಿದ್ದರು. ಅವರು ಟಿ.ವಿ.ಯ ಹತ್ತಿರಕ್ಕೇ ಬಂದು, ಕಣ್ಣು ಕಿರಿದು ಮಾಡಿ, “ನಾನೆಲ್ಲಿವ್ನಿ ಮಗ? ಕಾಣಾಕಿಲ್ವಲ್ಲ!” ಎಂದರು. ಅವರಿದ್ದ ಜಾಗದಲ್ಲಿ ಮಸಿಯ ಮುದ್ದೆಯೊಂದಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸ್ವಲ್ಪವೂ ತಡೆಯದೆ, “ಕ್ಯಾಮೆರಾದಲ್ಲೇ ಸರಿಯಾಗಿ ಬಂದಿಲ್ಲ” ಎಂದುಬಿಟ್ಟೆ. ಗೆಳೆಯ ಬಾಗಿಲ ಬಳಿ ನಿಂತಿದ್ದ. ಏನೂ ಆಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮರುದಿನ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ, ಕ್ಯಾಮೆರಾದ ತಪ್ಪನ್ನು ರುಜುವಾತು ಮಾಡುವ ಉದ್ದೇಶದಿಂದಲೇ, ಅವನು ಕೊಟ್ಟ ಮೂಲ ವಿಡಿಯೋ ತೆರೆದೆ. ಸೀರೆ ಕೆಂಪಾಗಿತ್ತು. ಕಂಬದ ಮರೆಯಲ್ಲಿ ಅಜ್ಜಿ ಮೊಮ್ಮಗಳನ್ನು ನೋಡುತ್ತ ಕುಳಿತಿದ್ದರು. ಅವರ ಮೂಗುಬಟ್ಟು ಸಹ ಕಾಣುತ್ತಿತ್ತು. ಆಕರಗಳನ್ನು ಒಂದರೊಡನೊಂದು ತಾಳೆ ನೋಡಬೇಕೆಂದು ಇತಿಹಾಸದ ಅಧ್ಯಾಪಕರು ಮೂರು ವರ್ಷ ಹೇಳಿದ್ದನ್ನು ನಾನು ಶಾಸನಗಳಿಗೆ ಮಾತ್ರ ಅನ್ವಯಿಸುವ ಮಾತೆಂದು ತಿಳಿದಿದ್ದೆ!

ಅಂದು ರಾತ್ರಿ ದೀಪವಾರಿಸಿ ಬರಿಯ ಕಪ್ಪು ಚಿತ್ರವೊಂದನ್ನು ಪರದೆಯ ತುಂಬ ಹರಡಿದೆ. ಕಪ್ಪು ಕಪ್ಪಾಗಿರಲಿಲ್ಲ, ಗೋಡೆಯ ಮೇಲೆ ಬೂದು ಬೆಳಕು ಬೀಳುತ್ತಿತ್ತು. ಹುಡುಕಿದ ಮೇಲೆ ಕಾರಣ ಸಿಕ್ಕಿತು. ಕಂಪ್ಯೂಟರು ಕಪ್ಪನ್ನು 0 ಎಂದೂ ಬಿಳುಪನ್ನು 255 ಎಂದೂ ಎಣಿಸುತ್ತದೆ. ಟೆಲಿವಿಷನ್ನಿನ ಲೆಕ್ಕದಲ್ಲಿ ಕಪ್ಪು 16, ಬಿಳುಪು 235. ಎಚ್.ಡಿ.ಎಂ.ಐ. ತಂತಿಯ ಆ ತುದಿಯಲ್ಲಿರುವುದು ಟೆಲಿವಿಷನ್ನೇ ಎಂದು ನನ್ನ ಲ್ಯಾಪ್‌ಟಾಪು ಭಾವಿಸಿ, 16ರಿಂದ 235ರ ಲೆಕ್ಕದಲ್ಲಿ ಚಿತ್ರ ಕಳುಹಿಸುತ್ತಿತ್ತು. ಮಾನಿಟರೋ 0ಯಿಂದ 255ರ ಲೆಕ್ಕ ಹಿಡಿದು ಕುಳಿತಿತ್ತು. ಅದಕ್ಕೆ 16 ಎಂಬುದು ಕಪ್ಪಲ್ಲ, ಬೂದಿ; 235 ಎಂಬುದು ಬಿಳುಪಲ್ಲ, ಮಬ್ಬು. ಇಬ್ಬರೂ ಸುಳ್ಳು ಹೇಳಿದ್ದಿಲ್ಲ. ಸೇರಿನ ಅಳತೆಯವನೂ ಕಿಲೋ ತೂಕದವನೂ ವ್ಯಾಪಾರಕ್ಕೆ ಕುಳಿತಂತಾಗಿತ್ತು, ಅಷ್ಟೆ. ಇಲ್ಲದ ಆ ಮಸುಕನ್ನು ಅಳಿಸಲು ಹೋಗಿ ನಾನು ಇದ್ದ ಅಜ್ಜಿಯನ್ನು ಅಳಿಸಿದ್ದೆ. ಗ್ರಾಫಿಕ್ಸಿನ ಸೆಟ್ಟಿಂಗಿನಲ್ಲಿ ‘ಲಿಮಿಟೆಡ್’ ಎಂದಿದ್ದುದನ್ನು ‘ಫುಲ್’ ಎಂದು ಬದಲಿಸಿದೆ. ಅರೆನಿಮಿಷದ ಕೆಲಸ. ಬೂದಿ ಹೋಗಿ ಕಪ್ಪು ಬಂತು.

ಗೆಳೆಯನ ಮನೆಗೆ ಹೋಗಲು ಮಾತ್ರ ಮೂರು ದಿನ ಬೇಕಾಯಿತು. 16, 235 ಎಂದು ವಿವರಿಸಲು ಹೊರಟವನನ್ನು ಅವನು ತಡೆದು, “ಲೆಕ್ಕ ಬಿಡು. ಅವತ್ತು ಎಲ್ಲರ ಮುಂದೆ ಹೇಳಿದೆಯಲ್ಲ, ಇದನ್ನೂ ಅಲ್ಲೇ ಹೇಳು” ಎಂದ. ಒಪ್ಪಿದೆ. ಬಣ್ಣವನ್ನೆಲ್ಲ ಹೊಸದಾಗಿ ತಿದ್ದಿ, ಈ ಸಲ ಫೋನಿನಲ್ಲೂ ಕಾಲೇಜಿನ ಕಂಪ್ಯೂಟರಿನಲ್ಲೂ ನೋಡಿಕೊಂಡು, ಅವನನ್ನೂ ಕರೆದುಕೊಂಡು ಮದುವೆಯ ಮನೆಗೆ ಹೋದೆ. “ತಪ್ಪು ನನ್ನದು, ಅವನು ತೆಗೆದದ್ದು ಸರಿಯಾಗಿಯೇ ಇತ್ತು” ಎಂದು ಹೇಳುವಾಗ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಹುಡುಗಿಯ ತಂದೆ, “ಆಗಲಿ, ಹಾಕಪ್ಪ ನೋಡೋಣ” ಎಂದರು. ಗೆಳೆಯ ಬಾಗಿಲ ಬಳಿಯೇ ನಿಂತಿದ್ದ.

ಧಾರೆಯ ಹೊತ್ತು ಬಂತು. ಕಂಬದ ಮರೆಯಲ್ಲಿ ಅಜ್ಜಿ ಕಂಡರು. ಅವರು ಎದ್ದುಹೋಗಿ ಟಿ.ವಿ.ಯ ಮುಂದೆ ನಿಂತು ತಮ್ಮನ್ನು ತಾವೇ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಅಯ್ಯೋ, ಸೆರಗೇ ಸರಿಯಾಗಿ ಹೊದ್ಕೊಂಡಿಲ್ವಲ್ಲ ನಾನು! ಇದನ್ನ ತೆಗೆದಾಕ್ಬುಡಪ್ಪ” ಎಂದರು.

ಬಾಗಿಲ ಬಳಿಯಿಂದ ಗೆಳೆಯ ನಕ್ಕದ್ದು ಕೇಳಿಸಿತು.