ಅಟ್ಟದ ಮೇಲಿನ ಬೋರ್ಡು

ನಾನು ಎಂಡಿ ಮುಗಿಸುವ ಮೊದಲೇ ಅಪ್ಪ ತಿಪಟೂರಿನ ಪೇಂಟರ್ ಹತ್ತಿರ ಒಂದು ಬೋರ್ಡು ಬರೆಸಿಟ್ಟಿದ್ದರು. ನೀಲಿ ತಗಡಿನ ಮೇಲೆ ಬಿಳಿ ಅಕ್ಷರ. ನನ್ನ ಹೆಸರು, ಅದರ ಕೆಳಗೆ ‘ಮಕ್ಕಳ ತಜ್ಞರು’. ಇನ್ನೂ ಕೆಳಗೆ ‘ಸಮಯ’ ಅಂತ ಬರೆಸಿ ಮುಂದೆ ಖಾಲಿ ಬಿಡಿಸಿದ್ದರು. ಅದನ್ನು ನಾನು ಬಂದು ತುಂಬಬೇಕಿತ್ತು.

ಆ ಬೋರ್ಡು ಇವತ್ತಿಗೂ ನಮ್ಮ ಮನೆಯ ಅಟ್ಟದ ಮೇಲಿದೆ.

ಎಂಡಿ ಆದಮೇಲೆ ಒಂದೂವರೆ ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದೆ. ಚಳಿಗಾಲ ಬಂತೆಂದರೆ ವಾಂತಿ–ಭೇದಿಯ ಮಕ್ಕಳದ್ದೇ ಸಾಲು. ನೀರು ಬತ್ತಿಹೋದ ಮಗುವಿನ ಕೈಯಲ್ಲಿ ಡ್ರಿಪ್ ಹಾಕೋಕೆ ರಕ್ತನಾಳ ಸಿಗಲ್ಲ. ಒಂದು ಕೈ, ಇನ್ನೊಂದು ಕೈ, ಕಾಲು, ಕೊನೆಗೆ ತಲೆ. ಮಗು ಅಳೋದನ್ನೂ ನಿಲ್ಲಿಸಿರುತ್ತೆ, ತಾಯಿ ಮಾತ್ರ ಅಳ್ತಾ ಇರ್ತಾಳೆ. ಮೂರು ದಿನಕ್ಕೆ ಚೇತರಿಸಿಕೊಂಡು ಮನೆಗೆ ಹೋಗುತ್ತವೆ. ಆ ಬೆಡ್ಡಿಗೆ ಅದೇ ದಿನ ಇನ್ನೊಂದು ಮಗು. ಈ ಮಕ್ಕಳು ಇಲ್ಲಿಗೆ ಬರದೇ ಇರೋ ಹಾಗೆ ಮಾಡೋಕಾಗಲ್ವಾ ಅನ್ನೋ ಪ್ರಶ್ನೆ ನೈಟ್ ಡ್ಯೂಟಿಗಳಲ್ಲಿ ನನ್ನನ್ನು ಕಾಡತೊಡಗಿತು.

ಆಗಲೇ ಬೆಂಗಳೂರಿನ ಒಂದು ಕಂಪನಿಯಲ್ಲಿ ಲಸಿಕೆಗಳ ಕ್ಲಿನಿಕಲ್ ಟ್ರಯಲ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಒಪ್ಪಿಕೊಂಡೆ. ನೈಟ್ ಡ್ಯೂಟಿ ಇರಲ್ಲ ಅನ್ನೋ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ?

ಅಮ್ಮ ಫೋನಿನಲ್ಲಿ, “ಅಷ್ಟು ವರ್ಷ ಡಾಕ್ಟರ್ ಓದಿ ಕಂಪ್ಯೂಟರ್ ಮುಂದೆ ಕೂರ್ತೀಯೇನೇ?” ಅಂದಳು. ಅಪ್ಪ ಏನೂ ಹೇಳಲಿಲ್ಲ. ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು, ಮಾತಿಗೆ ಯಾವತ್ತೂ ಬರ ಇರಲಿಲ್ಲ. ಅವತ್ತು ಮಾತ್ರ ಫೋನು ತಗೊಳ್ಳಲೇ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಬೋರ್ಡು ಅಟ್ಟ ಸೇರಿತ್ತು.

ಹೊಸ ಕೆಲಸದ ಮೊದಲ ವರ್ಷ ನನಗೇ ಅನುಮಾನ. ದಿನವಿಡೀ ಎಕ್ಸೆಲ್ ಶೀಟು, ಎಥಿಕ್ಸ್ ಕಮಿಟಿಗೆ ಪತ್ರ, ಮೀಟಿಂಗು. ಒಂದು ಮಗುವಿನ ಮುಖವನ್ನೂ ನೋಡದೆ ತಿಂಗಳು ಕಳೆಯುತ್ತಿತ್ತು. ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಾನು ಯಾವತ್ತೂ ಭೇಟಿಯಾಗದ ಒಬ್ಬ ಮಕ್ಕಳ ಡಾಕ್ಟರು, ಮಹಾರಾಜ್ ಕಿಶನ್ ಭಾನ್.

ಭಾನ್ ಕಾಶ್ಮೀರದವರು. ಪುಣೆಯಲ್ಲಿ ಎಂಬಿಬಿಎಸ್ ಓದಿ, ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ವೈದ್ಯರಾಗಿದ್ದರು. 1985–86ರಲ್ಲಿ ಅಲ್ಲಿನ ನವಜಾತ ಶಿಶುಗಳಲ್ಲಿ ರೋಟಾ ವೈರಸ್ ಸೋಂಕು ಕಾಣಿಸಿಕೊಂಡಿತು. ಮಕ್ಕಳಿಗೆ ತೀವ್ರ ಭೇದಿ ತರುವುದರಲ್ಲಿ ಈ ವೈರಸ್ಸಿಗೇ ಮೊದಲ ಸ್ಥಾನ. ಆದರೆ ಈ ಶಿಶುಗಳಿಗೆ ಭೇದಿ ಆಗಲೇ ಇಲ್ಲ. ವೈರಸ್ ಹೊಟ್ಟೆಯಲ್ಲಿದೆ, ಮಗು ಆರಾಮಾಗಿದೆ. ಬೇರೆ ಯಾರಾದರೂ ‘ಸದ್ಯ, ಏನೂ ಆಗಲಿಲ್ಲವಲ್ಲ’ ಎಂದು ಮುಂದಿನ ಬೆಡ್ಡಿಗೆ ಹೋಗುತ್ತಿದ್ದರೇನೋ. ಭಾನ್ ಮತ್ತು ಸಂಗಡಿಗರು ಯಾಕೆ ಆಗಲಿಲ್ಲ ಎಂದು ಕೇಳಿದರು. ಆ ಮಕ್ಕಳನ್ನು ಮುಂದೆಯೂ ಗಮನಿಸುತ್ತಾ ಹೋದಾಗ, ಅವರಿಗೆ ಆಮೇಲೂ ರೋಟಾ ಭೇದಿಯಿಂದ ರಕ್ಷಣೆ ಇರುವುದು ಕಂಡಿತು. ನಿರುಪದ್ರವಿಯಾಗಿ ಬಂದ ವೈರಸ್ಸೇ ಲಸಿಕೆಯ ಕೆಲಸ ಮಾಡಿತ್ತು. ಅದಕ್ಕೆ 116ಇ ಎಂದು ಹೆಸರಾಯಿತು.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಇಲ್ಲಿನ ನವಜಾತ ಶಿಶುಗಳಲ್ಲೂ ಇಂಥದ್ದೇ ಒಂದು ವೈರಸ್ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಅಧ್ಯಯನ ಮಾಡಿದ ಅದರ ಹೆಸರು ಐ321. ಎರಡನ್ನೂ ಮಕ್ಕಳಲ್ಲಿ ಪರೀಕ್ಷಿಸಿದಾಗ 116ಇ ಮುಂದೆ ಹೋಯಿತು, ನಮ್ಮದು ಹಿಂದೆ ಉಳಿಯಿತು. ಸಂಶೋಧನೆಯಲ್ಲಿ ಹಿಂದೆ ಉಳಿದದ್ದೂ ಲೆಕ್ಕಕ್ಕೆ ಬರುತ್ತೆ ಅನ್ನೋದು ಈ ಕೆಲಸಕ್ಕೆ ಬಂದಮೇಲೆ ನಾನು ಕಲಿತ ಪಾಠ.

ವೈರಸ್ ಸಿಕ್ಕ ಮಾತ್ರಕ್ಕೆ ಲಸಿಕೆ ಆಗಲ್ಲ. ಅದನ್ನು ತಯಾರಿಸೋರು ಬೇಕು, ಹಣ ಬೇಕು, ಟ್ರಯಲ್ ಆಗಬೇಕು, ಕೊನೆಗೆ ಸರ್ಕಾರ ಕೊಳ್ಳುವಂಥ ಬೆಲೆ ಇರಬೇಕು. ಹೈದರಾಬಾದಿನ ಭಾರತ್ ಬಯೋಟೆಕ್ ಡೋಸಿಗೆ ಒಂದು ಡಾಲರಿನಂತೆ ಕೊಡುವ ಮಾತು ಕೊಟ್ಟಿತು. ಭಾರತ ಮತ್ತು ಅಮೆರಿಕದ ಸರ್ಕಾರಗಳು, ಗೇಟ್ಸ್ ಫೌಂಡೇಶನ್ ಕೈಜೋಡಿಸಿದವು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಮಕ್ಕಳ ಮೇಲೆ ದೊಡ್ಡ ಟ್ರಯಲ್ ನಡೆಯಿತು. ಲಸಿಕೆ ಪಡೆದ ಮಕ್ಕಳಲ್ಲಿ ಮೊದಲ ವರ್ಷ ತೀವ್ರ ರೋಟಾ ಭೇದಿ ಶೇ 56ರಷ್ಟು ಕಡಿಮೆಯಾಗಿತ್ತು. 2015ರಲ್ಲಿ ರೋಟಾವ್ಯಾಕ್ ಬಿಡುಗಡೆಯಾಯಿತು. 2016ರಲ್ಲಿ ನಾಲ್ಕು ರಾಜ್ಯಗಳ ಸರ್ಕಾರಿ ಕಾರ್ಯಕ್ರಮದಲ್ಲಿ ರೋಟಾ ಲಸಿಕೆ ಶುರುವಾಗಿ, 2019ರ ಹೊತ್ತಿಗೆ ದೇಶವನ್ನೆಲ್ಲ ತಲುಪಿತು. ವಾರ್ಡಿನಲ್ಲಿ ಹುಟ್ಟಿದ ಪ್ರಶ್ನೆಗೆ ಉತ್ತರ ಸಿಗಲು ಹತ್ತಿರ ಹತ್ತಿರ ಮೂವತ್ತು ವರ್ಷ.

ಅಷ್ಟರಲ್ಲಿ ಭಾನ್ ಕುರ್ಚಿಯೂ ಬದಲಾಗಿತ್ತು. 2004ರಿಂದ 2012ರವರೆಗೆ ಅವರು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿ. ಅವರ ಕಾಲದಲ್ಲೇ ಬೆಂಗಳೂರಿನ ಇನ್‌ಸ್ಟೆಮ್, ಸಿ–ಕ್ಯಾಂಪ್ ತಲೆಯೆತ್ತಿದವು. ಹೊಸ ಬಯೋಟೆಕ್ ಸ್ಟಾರ್ಟಪ್‌ಗಳ ಬೆನ್ನಿಗೆ ನಿಲ್ಲುವ ಬೈರ್ಯಾಕ್ ಸಂಸ್ಥೆ 2012ರಲ್ಲಿ ಶುರುವಾಯಿತು. ಬರೀ ಐಡಿಯಾ ಇಟ್ಟುಕೊಂಡು ಬಂದವರಿಗೂ ಅದರ ಬಿಗ್ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತೆ. ನಮ್ಮ ಆಫೀಸಿನ ಕ್ಯಾಂಟೀನಲ್ಲಿ ಕೂತು ‘ಬಿಗ್’ಗೆ ಅರ್ಜಿ ಹಾಕೋದರ ಬಗ್ಗೆ ಮಾತಾಡೋ ಹುಡುಗರಿಗೆ ಅದರ ಹಿಂದೆ ಒಬ್ಬ ಮಕ್ಕಳ ಡಾಕ್ಟರು ಇದ್ದರು ಅಂತ ಗೊತ್ತೇ ಇಲ್ಲ. 2020ರ ಗಣರಾಜ್ಯೋತ್ಸವದ ದಿನ ಅವರು ತೀರಿಕೊಂಡಾಗ ಆ ಸುದ್ದಿ ಎಷ್ಟು ಜನರಿಗೆ ತಲುಪಿತೋ.

ಅವರ ಎತ್ತರ ಎಲ್ಲಿ, ನನ್ನದೆಲ್ಲಿ. ನಾನು ನೋಡೋದು ಸೇಫ್ಟಿ ರಿಪೋರ್ಟು. ಲಸಿಕೆ ಪಡೆದ ಮಗುವಿಗೆ ಜ್ವರ ಬಂತಾ, ಹೊಟ್ಟೆ ಉಬ್ಬರಿಸಿತಾ, ಅದು ಲಸಿಕೆಯಿಂದಲೋ ಬೇರೆ ಕಾರಣಕ್ಕೋ. ಬೇಸರದ ಕೆಲಸ ಅನ್ನಿಸಿದಾಗ ಒಂದು ಹಳೇ ಪ್ರಸಂಗ ನೆನಪಿಸಿಕೊಳ್ಳುತ್ತೇನೆ. ಅಮೆರಿಕದಲ್ಲಿ 1998ರಲ್ಲಿ ಪರವಾನಗಿ ಪಡೆದ ಮೊದಲ ರೋಟಾ ಲಸಿಕೆಯನ್ನು ಮರುವರ್ಷವೇ ವಾಪಸ್ ಪಡೆಯಬೇಕಾಯಿತು. ಕೆಲವು ಮಕ್ಕಳಲ್ಲಿ ಕರುಳಿನ ಒಂದು ಭಾಗ ಇನ್ನೊಂದು ಭಾಗದೊಳಗೆ ಸಿಕ್ಕಿಕೊಂಡಿತ್ತು. ಅದು ಗೊತ್ತಾಗಿದ್ದೂ ಯಾರೋ ಹೀಗೇ ರಿಪೋರ್ಟುಗಳನ್ನು ಒಂದೊಂದಾಗಿ ಓದಿದ್ದರಿಂದಲೇ.

ಇದನ್ನೆಲ್ಲ ಅಮ್ಮನಿಗೆ ಹೇಗೆ ಹೇಳೋದು ಅಂತ ಗೊತ್ತಿರಲಿಲ್ಲ. ಕೊನೆಗೆ ಹೇಳೋ ಸಂದರ್ಭ ತಾನಾಗಿಯೇ ಬಂತು.

2022ರಲ್ಲಿ ಬಾಣಂತನಕ್ಕೆ ಊರಿಗೆ ಹೋಗಿದ್ದೆ. ಒಂದೂವರೆ ತಿಂಗಳಿಗೆ ಮಗಳಿಗೆ ಲಸಿಕೆ. ತಾಯಿ ಕಾರ್ಡ್ ಹಿಡಿದುಕೊಂಡು ಅಮ್ಮನೂ ಜೊತೆಗೆ ಬಂದಳು. ಸಿಸ್ಟರ್ ಮೊದಲು ಬಾಯಿಗೆ ಒಂದು ಹಾಕಿದರು, ಆಮೇಲೆ ಇನ್ನೊಂದು.

“ಪೋಲಿಯೋ ಆಯ್ತಲ್ಲ, ಇದೇನು?” ಅಂದಳು ಅಮ್ಮ.

“ಭೇದಿ ಆಗದೇ ಇರೋದಕ್ಕೆ ಅಮ್ಮ. ರೋಟಾ ಅಂತ.”

ಅಮ್ಮ ಮತ್ತೆ ಮಾತಾಡಲಿಲ್ಲ. ಮನೆಗೆ ಬಂದು, ಮಗು ಮಲಗಿದ ಮೇಲೆ, ತೊಟ್ಟಿಲು ತೂಗುತ್ತಾ ಹೇಳಿದಳು. ನನಗಿಂತ ಮೊದಲು ಅವಳಿಗೊಂದು ಗಂಡು ಮಗು ಹೋಗಿತ್ತು ಅನ್ನೋದಷ್ಟೇ ನನಗೆ ಗೊತ್ತಿತ್ತು. ಹೇಗೆ ಅಂತ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಎಂಟು ತಿಂಗಳ ಮಗುವಂತೆ. ರಾತ್ರಿ ಶುರುವಾದ ವಾಂತಿ, ಭೇದಿ. “ನೀರು ಕೊಟ್ರೆ ಇನ್ನೂ ಜಾಸ್ತಿಯಾಗುತ್ತೆ, ಕೊಡಬೇಡ ಅಂದ್ರು ಕಣೆ. ನಾನು ಕೊಡಲಿಲ್ಲ. ನಿಮ್ಮಪ್ಪ ಡ್ಯೂಟಿ ಮೇಲಿದ್ರು. ಬೆಳಗ್ಗೆ ಮೊದಲ ಬಸ್ಸಿಗೆ ಕಾಯ್ತಾ ಕೂತಿದ್ದೆ.” ಬಸ್ಸು ಬರೋದರೊಳಗೆ ಎಲ್ಲ ಮುಗಿದಿತ್ತು.

ಊರಿನಲ್ಲೇ ಒಬ್ಬ ಮಕ್ಕಳ ಡಾಕ್ಟರು ಇರಬೇಕು ಅಂತ ಅಪ್ಪ ಆ ಬೋರ್ಡು ಬರೆಸಿದ್ದು ಯಾಕೆ ಅನ್ನೋದು ನನಗೆ ಅರ್ಥವಾಗಿದ್ದು ಅವತ್ತು.

“ಆಗ ಈ ಔಷಧ ಇದ್ದಿದ್ರೆ ಅವನು ಉಳೀತಿದ್ನಾ?” ಅಮ್ಮ ನೇರವಾಗಿ ಕೇಳಿದಳು.

ಹೂಂ ಅಂದುಬಿಡಬಹುದಿತ್ತು. ಆದರೆ ಅದು ರೋಟಾನೇ ಅಂತ ಯಾರು ಹೇಳೋದು? ಯಾರೂ ಪರೀಕ್ಷೆ ಮಾಡಿರಲಿಲ್ಲ. ರೋಟಾನೇ ಆಗಿದ್ದರೂ ಲಸಿಕೆ ಎಲ್ಲರನ್ನೂ ಕಾಯಲ್ಲ. “ಗೊತ್ತಿಲ್ಲಮ್ಮ” ಅಂದೆ. “ಇದರಿಂದ ಜೋರು ಭೇದಿ ಆಗೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಡಿಮೆಯಾಗುತ್ತೆ, ಅಷ್ಟೇ. ನಾವು ಆಫೀಸಲ್ಲಿ ಕೂತು ನೋಡೋದು ಇಂಥದ್ದನ್ನೇ.”

ಅಮ್ಮ ಸ್ವಲ್ಪ ಹೊತ್ತು ತೊಟ್ಟಿಲು ತೂಗಿದಳು. “ಅರ್ಧ ಅಂದ್ರೆ ಕಡಿಮೇನಾ?” ಅಂದಳು.

ಅವತ್ತಿನಿಂದ ಅವಳು ನನ್ನ ಕೆಲಸದ ಬಗ್ಗೆ ತಕರಾರು ಎತ್ತಿಲ್ಲ. ಎರಡನೇ ಡೋಸಿನ ತಾರೀಖನ್ನು ನನಗಿಂತ ಮೊದಲು ಅವಳೇ ನೆನಪಿಸಿದಳು.

ಕಳೆದ ದೀಪಾವಳಿಗೆ ಅಟ್ಟ ಗುಡಿಸುವಾಗ ಬೋರ್ಡು ಕೆಳಗಿಳಿಯಿತು. ಒಂದು ಮೂಲೆ ತುಕ್ಕು ಹಿಡಿದಿದೆ. “ಇದನ್ನ ಗುಜರಿಗೆ ಹಾಕೋಣ್ವಾ ಅಪ್ಪ?” ಅಂತ ಕೇಳಿದೆ. ಅಪ್ಪ ಒದ್ದೆ ಬಟ್ಟೆಯಲ್ಲಿ ಅದರ ಧೂಳು ಒರೆಸಿದರು. ವಾಪಸ್ ಅಟ್ಟಕ್ಕೇರಿಸಿ ಹೇಳಿದರು, “ಇರ್ಲಿ ಬಿಡಮ್ಮ. ಅದೇನು ಊಟ ಕೇಳುತ್ತಾ?”