ನಕ್ಷತ್ರದ ನೋಟು ಹುಡುಕುತ್ತ

ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗ, ಅಥಣಿ ದಾಟಿ ಕಾಗವಾಡಕ್ಕೆ ಹೋಗುವವರು ಕಬ್ಬಿನ ಹೊಲ ನೋಡುತ್ತಾರೆ, ಕೃಷ್ಣಾ ನದಿ ನೋಡುತ್ತಾರೆ. ನಾನೂ ನನ್ನ ಮೊಮ್ಮಗಳೂ ಕೈಗೆ ಬಂದ ಚಿಲ್ಲರೆ ನೋಡುತ್ತ ಹೋದೆವು. ಅವಳಿಗೆ ಬೇಕಾಗಿದ್ದದ್ದು ಸಂಖ್ಯೆಯ ನಡುವೆ ಪುಟ್ಟ ನಕ್ಷತ್ರವಿರುವ ನೋಟು.

ನಿಪ್ಪಾಣಿಯ ತಂಬಾಕು ಪೇಟೆಯಲ್ಲಿ ಸಿಗಲಿಲ್ಲ. ಚಿಕ್ಕೋಡಿಯಲ್ಲೂ ಇಲ್ಲ. ರಾಯಬಾಗದಲ್ಲಿ ಚಹಾ ಕುಡಿದಾಗ ಹತ್ತು ರೂಪಾಯಿಯದೊಂದು ಬಂತು. ಮಾಸಿ ಮೆತ್ತಗಾಗಿತ್ತು, ಆದರೂ ಅವಳು ಕುಣಿದಾಡಿದಳು.

ಮುಂದೆ ಬಸ್ಸಿನಲ್ಲಿ ಅದರ ಕಥೆ ಹೇಳಿದೆ. ನಮ್ಮ ನೋಟುಗಳು ಮೈಸೂರು, ಸಾಲ್ಬೋನಿ, ನಾಸಿಕ್, ದೇವಾಸ್‌ಗಳಲ್ಲಿ ಅಚ್ಚಾಗುತ್ತವೆ. ಕಾಗದವೆಂದರೂ ಅದು ಹತ್ತಿಯ ನಾರಿನದು. ಜೇಬಿನಲ್ಲಿ ತೊಯ್ದರೂ ಬೇಗ ಹರಿಯುವುದಿಲ್ಲ. ಬೆಳಕಿಗೆ ಹಿಡಿದರೆ ಕಾಣುವ ಗಾಂಧೀಜಿ, ಭದ್ರತಾ ದಾರ, ಇವೆರಡೂ ಕಾಗದ ಮಾಡುವಾಗಲೇ ಒಳಗೆ ಸೇರುತ್ತವೆ. ದೊಡ್ಡ ಹಾಳೆಯ ಮೇಲೆ ಮೊದಲು ಹಿನ್ನೆಲೆಯ ಬಣ್ಣ, ಆಮೇಲೆ ಉಬ್ಬು ಅಚ್ಚು, ಅದಾದ ಮೇಲೆ ಸಂಖ್ಯೆ. ನೂರರ ನೋಟಿನ ಗಾಂಧೀಜಿ ಮೇಲೆ ಬೆರಳಾಡಿಸಿ ನೋಡಿ, ಉಬ್ಬು ತಿಳಿಯುತ್ತದೆ.

ಇಷ್ಟರಲ್ಲಿ ಕೆಲವು ನೋಟು ಕೆಡುತ್ತವೆ. ಕೆಟ್ಟದ್ದನ್ನು ತೆಗೆದರೆ ನೂರರ ಕಟ್ಟಿನಲ್ಲಿ ಒಂದು ಕಡಿಮೆ! ಆ ಜಾಗಕ್ಕೆ ನಕ್ಷತ್ರ ಹೊತ್ತ ಬದಲಿ ನೋಟು ಇಡುವ ಪದ್ಧತಿಯನ್ನು ರಿಸರ್ವ್ ಬ್ಯಾಂಕು 2006ರಲ್ಲಿ ತಂದಿತು. ಮೊದಲು 10, 20, 50 ರೂಪಾಯಿಗೆ. ಐನೂರಕ್ಕೆ ಬಂದದ್ದು 2016ರ ಕೊನೆಗೆ.

ಅಥಣಿಯ ಚಪ್ಪಲಿ ಅಂಗಡಿಯ ಮುಂದೆ ಮುದುಕಿಯೊಬ್ಬಳು ಐನೂರರ ನೋಟು ಹಿಡಿದು ನಿಂತಿದ್ದಳು. "ಚಿಕ್ಕಿ ಐತಿ, ಖೋಟಾ ಅಂತ ಯಾರೂ ತೊಗೋವಲ್ರು ಯಪ್ಪಾ. ನಾಕ್ನೂರ ಕೊಟ್ರೂ ಸಾಕು."

ನಕ್ಷತ್ರವಿದ್ದ ಮಾತ್ರಕ್ಕೆ ನೋಟು ಖೋಟಾ ಅಲ್ಲ, ಅಸಲಿಯೆಂದೂ ಅಲ್ಲ. ಮೊಮ್ಮಗಳು ನೋಟನ್ನು ಬಿಸಿಲಿಗೆ ಹಿಡಿದಳು, ಗಾಂಧೀಜಿ ಕಂಡರು. ಓರೆ ಮಾಡಿದಳು, ಹಸಿರು ದಾರ ನೀಲಿಯಾಯಿತು. "ಆಯೀ, ಇದು ಖರೇನೇ ಐತಿ. ಕೆಟ್ಟ ನೋಟಿನ ಬದಲಿ ಬಂದದ್ದು!" ಇಂಥ ನೋಟು ಚಲಾವಣೆಗೆ ಸರಿಯಾದದ್ದೇ ಎಂದು 2023ರಲ್ಲಿ ರಿಸರ್ವ್ ಬ್ಯಾಂಕೇ ಹೇಳಿದೆ.

"ಹಂಗಾದ್ರ ಪೂರಾ ಐನೂರ ಬರ್ತಾವೇನ?"

ಐದು ನೂರರ ನೋಟು ಎಣಿಸಿ ಕೊಟ್ಟೆ. ಅವಳು ಇನ್ನೊಮ್ಮೆ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡಳು.

ಕಾಗವಾಡದಲ್ಲಿ ಊಟದ ದುಡ್ಡಿಗೆ ಆ ಐನೂರನ್ನೇ ಕೊಟ್ಟೆವು. ಗಲ್ಲಾದವರು ಬೆಳಕಿಗೆ ಹಿಡಿದು ನೋಡಿ ಒಳಗೆ ಹಾಕಿಕೊಂಡರು. ಮಾಸಿದ ಹತ್ತರ ನೋಟು ಮೊಮ್ಮಗಳ ಪುಸ್ತಕದಲ್ಲೇ ಇದೆ.